ಪಕ್ಕದ ಬಾಗಿಲಿನ ಬೆಂಚು

ಪಿಂಚಣಿ ತೆಗೆದುಕೊಳ್ಳುವವನು ಇನ್ನೂ ಬದುಕಿದ್ದಾನೆ ಎಂದು ತೋರಿಸಿಕೊಳ್ಳಲು ವರ್ಷಕ್ಕೊಮ್ಮೆ ನಾನು ಅಜ್ಜಂಪುರದಿಂದ ಕಡೂರಿನ ಬ್ಯಾಂಕಿಗೆ ಹೋಗಬೇಕು. ಹೆಬ್ಬೆರಳು ಒತ್ತಿ ಕೌಂಟರಿನ ಹುಡುಗಿಗೆ ಮುಖ ತೋರಿಸಿದರೆ ಇನ್ನೊಂದು ವರ್ಷ ಬದುಕಿದ್ದೇನೆ ಅಂತ ಲೆಕ್ಕ. ಈ ಸಲ ಕೆಲಸ ಬೇಗ ಮುಗಿಯಿತು. ಸ್ಟೇಷನ್ನಿನ ಕಡೆ ನಡೆಯುತ್ತಿದ್ದಾಗ ಮಳೆ ಹನಿಯತೊಡಗಿತು, ಹತ್ತಿರದಲ್ಲಿ ಸಿಕ್ಕಿದ್ದು ನಮ್ಮ ಹಳೆಯ ಚರ್ಚಿನ ಜಗಲಿ. ಪಕ್ಕದ ಬಾಗಿಲು ತೆರೆದಿತ್ತು. ಫಿನಾಯಿಲ್, ತೇವದ ಚಾಪೆ, ಗೋಡೆಯಾಚೆಯ ಗೋಡೌನಿನಿಂದ ಬರುವ ಕೊಬ್ಬರಿಯ ಜಿಡ್ಡು ವಾಸನೆ, ಎಲ್ಲಾ ಸೇರಿ ಮೂಗಿಗೆ ಬಡಿದವು. ಅಜ್ಜಂಪುರದ ಮಗಳ ಮನೆ ಸೇರಿದ ಮೇಲೆ ಆ ವಾಸನೆ ನನಗೆ ಮರೆತೇ ಹೋಗಿತ್ತು.

ಒಳಗೆ ಈಗೆಲ್ಲಾ ಪ್ಲಾಸ್ಟಿಕ್ ಕುರ್ಚಿಗಳು. ಪಕ್ಕದ ಬಾಗಿಲಿಗೆ ಅಂಟಿಕೊಂಡಂತೆ ಒಂದೇ ಒಂದು ಹಳೆಯ ಬೆಂಚು ಉಳಿದಿತ್ತು. ಕಸ ಗುಡಿಸುತ್ತಿದ್ದ ಹೆಂಗಸಿಗೆ ನಾನ್ಯಾರೆಂದು ಗೊತ್ತಿಲ್ಲ. ಬೆಂಚನ್ನೇ ನೋಡುತ್ತಾ ನಿಂತವನನ್ನು ಕಂಡು, ಅದೊಂದು ಕಿತ್ತರೂ ಬರಲ್ಲ ಕಣ್ರೀ, ನೆಲಕ್ಕೇ ಹಿಡ್ಕಂಡೈತೆ ಅಂದಳು. ಗೊತ್ತು ಅಂದೆ. ಅದರ ಕಾಲಿಗೆ ಕಬ್ಬಿಣದ ಪಟ್ಟಿ ಬಿಗಿಯುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಆ ಮಳೆಗಾಲವಿಡೀ ನಾನು ಕೂತಿದ್ದು ಅದೇ ಬೆಂಚಿನ ಮೇಲೆ.

ನನ್ನ ಹೆಂಡತಿ ರೂತಮ್ಮ ತೀರಿಕೊಂಡ ವರ್ಷ ಅದು. ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಹಾಲು ಕಾಯಿಸಲು ಇಟ್ಟವಳು ಎದೆ ಹಿಡಿದುಕೊಂಡು ಅಡುಗೆಮನೆಯ ಗೋಡೆಗೆ ಒರಗಿ ಕೂತಳು, ಅಷ್ಟೇ. ಎಲ್ಲರೂ ಅತ್ತರು, ನನಗೆ ಅಳು ಬರಲಿಲ್ಲ. ಧೈರ್ಯವಂತ ಅಂದುಕೊಂಡರು. ಧೈರ್ಯವೂ ಇಲ್ಲ, ಮಣ್ಣೂ ಇಲ್ಲ. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತರೆ ಕಾಲು ಜೋಮು ಹಿಡಿಯುತ್ತದಲ್ಲ, ಹಾಗೆ ನನ್ನ ಮೈಯೆಲ್ಲಾ ಜೋಮು ಹಿಡಿದಿತ್ತು. ಸಾರಿಗೆ ಉಪ್ಪು ಹಾಕುವುದು ಮರೆತು ಉಂಡು ಕೈ ತೊಳೆದಿದ್ದೇನೆ. ಒಲೆಯ ಮೇಲೆ ಹಾಲು ಉಕ್ಕುವುದನ್ನು ನಿಂತು ನೋಡಿದ್ದೇನೆ. ಭಾನುವಾರ ಬಂದರೆ ಕಾಲು ತಾನಾಗಿ ಚರ್ಚಿಗೆ ಹೋಗುತ್ತಿತ್ತು, ಬಾಯಿ ತಾನಾಗಿ ಹಾಡುತ್ತಿತ್ತು.

ಅದೇ ವರ್ಷದ ಜೂನ್‌ನಲ್ಲಿ ಜಯರಾಜ ಬೆಂಚು ಬೀಳಿಸಿದ್ದು. ಜಯರಾಜ ನಮ್ಮ ಚರ್ಚಿನ ಸಭೆಯ ಸುಗುಣಮ್ಮನ ಮಗ. ವಯಸ್ಸು ನಲವತ್ತರ ಹತ್ತಿರ. ಒಂದು ಕಾಲದಲ್ಲಿ ತೆಂಗಿನಕಾಯಿ ಲಾರಿ ಓಡಿಸುತ್ತಿದ್ದ. ಆಮೇಲೆ ತಲೆಯೊಳಗೆ ಏನೋ ಕದಲಿತು. ತಾಯಿ ಅವನನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಮಾತ್ರೆ ತರುತ್ತಿದ್ದಳು. ಮಾತ್ರೆ ನುಂಗಿದ ದಿನಗಳಲ್ಲಿ ಅವನಷ್ಟು ಸಾಧು ಇನ್ನೊಬ್ಬನಿಲ್ಲ. ಆರಾಧನೆ ಮುಗಿದ ಮೇಲೆ ಚಾಪೆಗಳನ್ನೆಲ್ಲಾ ಅಂಚಿಗೆ ಅಂಚು ಸೇರಿಸಿ ಮಡಿಸುವವನು ಅವನೇ. ಮಾತ್ರೆ ತಪ್ಪಿದರೆ ಮಾತ್ರ ಸದ್ದು ಅವನನ್ನು ಚುಚ್ಚುತ್ತಿತ್ತು. ಆ ಭಾನುವಾರ ಹೊಸದಾಗಿ ತಂದ ಸ್ಪೀಕರ್ ಪೆಟ್ಟಿಗೆ ಕೀ ಎಂದು ಕಿರುಚಿತು. ಜಯರಾಜ ಎರಡೂ ಕಿವಿ ಮುಚ್ಚಿಕೊಂಡು ಎದ್ದವನು ಮುಂದಿದ್ದ ಬೆಂಚನ್ನು ಒದ್ದುಬಿಟ್ಟ. ಬೆಂಚು ಪಕ್ಕಕ್ಕೆ ಉರುಳಿತು. ಅಜ್ಜಿಯ ಹತ್ತಿರ ಹೋಗಲೆಂದು ಹಿಂದಿನ ಮಕ್ಕಳ ಚಾಪೆಯಿಂದೆದ್ದು ಬರುತ್ತಿದ್ದ ಪುಟ್ಟ ಆಶಾಳ ಕಾಲು ಅದರಡಿ ಸಿಕ್ಕಿತು.

ಬೆಂಚು ಎತ್ತಿದವರಲ್ಲಿ ನಾನೂ ಒಬ್ಬ. ಮಗು ಕಿರುಚುತ್ತಿತ್ತು, ಹೆಂಗಸರು ಅಳುತ್ತಿದ್ದರು, ಜಯರಾಜ ಗೋಡೆಗೆ ಮುಖ ಮಾಡಿ ನಡುಗುತ್ತಿದ್ದ. ನಾನು ಬೆಂಚನ್ನು ನೆಟ್ಟಗೆ ನಿಲ್ಲಿಸಿ ಅದರ ಮೇಲಿನ ಧೂಳು ಒರೆಸಿದೆ. ಧೂಳು ಒರೆಸಿದ್ದು ಯಾಕೆಂದು ಈಗಲೂ ನನಗೆ ಗೊತ್ತಿಲ್ಲ.

ಆಶಾ ನಮ್ಮ ಖಜಾಂಚಿ ಆನಂದರಾಜ ಮೇಷ್ಟ್ರ ಮೊಮ್ಮಗಳು. ಮೇಷ್ಟ್ರು ಕೆಟ್ಟವರಲ್ಲ. ರೂತಮ್ಮ ಹೋದಾಗ ಶವಪೆಟ್ಟಿಗೆಗೆ, ಸಮಾಧಿಯ ಗುಂಡಿಗೆ ಓಡಾಡಿದವರು ಅವರೇ. ಆದರೆ ಮಗುವಿನ ಪಾದದ ಮೂಳೆ ಮುರಿದಿತ್ತು, ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿದ್ದರು. ಮುಂದಿನ ವಾರ ಆರಾಧನೆ ಮುಗಿದ ಮೇಲೆ ಕಮಿಟಿ ಕೂತಿತು. ಹಾಡು ಶುರುವಾದ ಮೇಲೆ ಹೊರಗಿನ ಗೇಟಿಗೆ ಬೀಗ ಹಾಕೋಣ ಎಂದ ಒಬ್ಬ. ಗೊತ್ತಿಲ್ಲದವರು ಯಾರೇ ಬಂದರೂ ವಿಚಾರಿಸಿ ಬಿಡೋಣ ಎಂದ ಇನ್ನೊಬ್ಬ. ಕಾಲು ಮುರಿದದ್ದು ಗೊತ್ತಿರುವವನಿಂದ ಎಂಬುದು ಯಾರ ತಲೆಗೂ ಹೋಗಲಿಲ್ಲ. ಮೇಷ್ಟ್ರು ಮಾತ್ರ ವಿಷಯಕ್ಕೆ ಬಂದರು. ಅವನು ದೇವರ ಮನೆಗೆ ಬರಬಾರದು ಅನ್ನುವುದಕ್ಕೆ ನಾನ್ಯಾರು, ಆದರೆ ದಿನಾ ಆ ಮಗುವನ್ನು ಎತ್ತಿಕೊಂಡು ಬಚ್ಚಲಿಗೆ ಹೋಗುವವನು ನಾನು ಎಂದರು.

ಸುಗುಣಮ್ಮ ಕಮಿಟಿಯವಳಲ್ಲ. ಬಾಗಿಲ ಹೊರಗೆ ಸೆರಗು ಹೊದ್ದು ನಿಂತಿದ್ದಳು. ಅಲ್ಲಿಂದಲೇ ಹೇಳಿದಳು: "ಜಗಲಿ ಮೇಲೆ ಕೂರಿಸ್ಕಂತೀನಿ ಅಯ್ಯನವ್ರೇ. ಹಾಡು ಕೇಳ್ಸಿದ್ರೆ ಸಾಕು ಅವ್ನಿಗೆ."

ನಮ್ಮ ಅಯ್ಯನವರು, ಅಂದರೆ ಪಾದ್ರಿಗಳು, ಹೊಸಬರು. ಮೀಸೆಯೂ ಸರಿಯಾಗಿ ಬಂದಿಲ್ಲ ಎಂದು ನಾವೆಲ್ಲಾ ಆಡಿಕೊಳ್ಳುತ್ತಿದ್ದೆವು. ಅವರು ಮೇಜಿನ ಬಟ್ಟೆಯ ಅಂಚು ಸವರುತ್ತಾ, "ಹೊರಗೆ ಕೂರ್ಸೋದು ಬೇಡಮ್ಮ. ಮಕ್ಕಳಿಗೆ ಏಟಾಗೋದೂ ಬೇಡ. ಎರಡೂ ಆಗೋ ಹಾಗೆ ಏನಾದ್ರೂ ಮಾಡೋಣ" ಎಂದರು. ಹಾಗೆ ಮಾಡುವುದು ಅಂದರೆ ಏನು ಎಂದು ಆಗ ಯಾರಿಗೂ ಗೊತ್ತಿರಲಿಲ್ಲ, ಅವರಿಗೂ ಸಹ.

ಕೊನೆಗೆ ಗೊತ್ತಾದದ್ದು ಇಷ್ಟು. ಬೆಂಚುಗಳನ್ನೆಲ್ಲಾ ನೆಲಕ್ಕೆ ಬಿಗಿಯುವುದು. ಸ್ಪೀಕರ್ ಪೆಟ್ಟಿಗೆಯನ್ನು ವಾಪಸು ಕಳಿಸುವುದು. ಮಕ್ಕಳ ಚಾಪೆಯನ್ನು ಹಿಂದಿನಿಂದ ತೆಗೆದು ಅಯ್ಯನವರ ಕಣ್ಣೆದುರಿಗೆ, ಮುಂದಕ್ಕೆ ಹಾಸುವುದು. ಜಯರಾಜ ಗಂಡಸರ ಕಡೆಯ ಕೊನೆಯ ಬೆಂಚಿನಲ್ಲಿ, ಪಕ್ಕದ ಬಾಗಿಲಿನ ಹತ್ತಿರ ಕೂರುವುದು, ಅವನ ಜೊತೆ ಯಾವಾಗಲೂ ಒಬ್ಬರು ಇರುವುದು. ಯಾರು ಎಂದಾಗ ಕೆಲವರು ಸೂರು ನೋಡಿದರು, ಕೆಲವರು ಗಡಿಯಾರ ನೋಡಿದರು, ಆಮೇಲೆ ಎಲ್ಲರೂ ನನ್ನನ್ನು ನೋಡಿದರು. ರೈಲ್ವೆ ಗೇಟು ಕಾದವನು, ಇದನ್ನೂ ಕಾಯುತ್ತಾನೆ ಎಂಬ ಲೆಕ್ಕಾಚಾರ. ಆಯ್ತು ಅಂದೆ. ಆ ವರ್ಷ ಯಾರು ಏನು ಕೇಳಿದರೂ ನಾನು ಆಯ್ತು ಅನ್ನುತ್ತಿದ್ದೆ.

ಬೆಂಚು ಬಿಗಿಯಲು ಬಂದವನು ಸ್ಟೇಷನ್ ರಸ್ತೆಯ ವೆಲ್ಡಿಂಗ್ ಅಂಗಡಿಯ ಬಾಷಾ. ಕಬ್ಬಿಣದ ಪಟ್ಟಿ ಕೂರಿಸಿ ನೆಲಕ್ಕೆ ತೂತು ಹೊಡೆಯುತ್ತಾ, ದೇವರ ಮನೆಯಲ್ಲಿ ಬೆಂಚಿಗ್ಯಾಕಪ್ಪಾ ಬೇಡಿ ಎಂದು ನಕ್ಕ. ವಿಷಯ ಹೇಳಿದೆ. ನಗು ನಿಲ್ಲಿಸಿ, ನಮ್ಮ ಬೀದಿಯಲ್ಲೂ ಹಿಂಗೇ ಒಬ್ಬ ಅವ್ನೆ ಅಂದು, ಕೊನೆಯ ಬೆಂಚಿನ ಬೋಲ್ಟನ್ನು ಇನ್ನೊಂದು ಸುತ್ತು ಬಿಗಿದ. ಆ ಬೆಂಚು ಇವತ್ತಿಗೂ ಕದಲದೇ ಇರುವುದು ಅವನ ಕೈಯ ಗುಣ.

ಆ ವರ್ಷ ಮಳೆ ಎಲ್ಲಾ ತರೀಕೆರೆ ಕಡೆಯೇ ಸುರಿಯಿತು. ಬಾಬಾಬುಡನ್‌ ಬೆಟ್ಟದ ಮೇಲೆ ಕಪ್ಪಗೆ ಕಟ್ಟಿದ ಮೋಡ ಕಡೂರಿಗೆ ಬರುವಷ್ಟರಲ್ಲಿ ಬರೀ ಗಾಳಿಯಾಗುತ್ತಿತ್ತು. ಜುಲೈ, ಆಗಸ್ಟ್ ಪೂರ್ತಿ ಚರ್ಚಿನ ಪಕ್ಕದ ಬಾಗಿಲು ಗಾಳಿಗೆ ಪಟಪಟ ಬಡಿಯುತ್ತಿತ್ತು. ಆ ಸದ್ದು ಜಯರಾಜನಿಗೆ ಆಗುವುದಿಲ್ಲವೆಂದು ನನ್ನ ಚಪ್ಪಲಿಯನ್ನೇ ಬಾಗಿಲಿಗೆ ಒತ್ತುಕೊಟ್ಟು ಕೂರುತ್ತಿದ್ದೆ. ಗೇಟಿನ ಕೆಲಸ ಕಲಿಸಿದ್ದು ಒಂದೇ, ಗಾಡಿ ಬರುವ ಮುಂಚೆ ಏನೋ ಒಂದು ಸೂಚನೆ ಇದ್ದೇ ಇರುತ್ತದೆ. ಜಯರಾಜನ ಸೂಚನೆ ಅಂಗಿಯ ಮೇಲಿನ ಗುಂಡಿ. ಒಳಗೆ ಏನಾದರೂ ಏಳುತ್ತಿದೆ ಅಂದರೆ ಅವನ ಬೆರಳು ಆ ಗುಂಡಿಯನ್ನು ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು. ಅದು ಶುರುವಾದ ತಕ್ಷಣ ಮೊಣಕೈ ಮುಟ್ಟಿ, ಬಾರೋ ಜಯಾ, ಗಾಡಿ ನೋಡ್ಕಂಡು ಬರನ ಅನ್ನುತ್ತಿದ್ದೆ. ಕಾಂಪೌಂಡಿನ ಹೊಂಗೆ ಮರದಡಿ ನಿಂತರೆ ಹಳಿ ಕಾಣುತ್ತದೆ. ಬೀರೂರು ಕಡೆಯಿಂದ ಒಂದು ಗೂಡ್ಸ್ ಹಾದುಹೋದರೆ ಸಾಕು, ಅವನ ಕೈ ಕೆಳಗಿಳಿಯುತ್ತಿತ್ತು. ಒಳಗೆ ಬರುತ್ತಿದ್ದೆವು.

ಮೊದಲ ಭಾನುವಾರ ಅವನು ಕೂತ ಮೇಲೆ ಹೆಂಗಸರ ಕಡೆ ಒಮ್ಮೆ, ನನ್ನ ಪಕ್ಕದ ಜಾಗ ಒಮ್ಮೆ ನೋಡಿ, "ಅತ್ತೆ ಬರ್ಲಿಲ್ವಾ ಮಾಮ?" ಎಂದು ಕೇಳಿದ. ರೂತಮ್ಮನನ್ನು ಅವನು ಅತ್ತೆ ಅನ್ನುತ್ತಿದ್ದ. ತೀರ್ಕಂಡ್ಳಲ್ಲಪ್ಪಾ, ನೀನೂ ಮಣ್ಣಿಗೆ ಬಂದಿದ್ದೆಯಲ್ಲ ಅಂದೆ.

"ಗೊತ್ತು" ಅಂದ. "ಆದ್ರೂ ಬರ್ಲಿಲ್ವಾ ಅಂದೆ."

ಆಮೇಲೆ ಪ್ರತಿ ವಾರವೂ ನಮ್ಮಿಬ್ಬರ ಮಧ್ಯೆ ಒಬ್ಬರು ಕೂರುವಷ್ಟು ಜಾಗ ಬಿಟ್ಟೇ ಕೂರುತ್ತಿದ್ದ. ಬೇರೆಯವರೆಲ್ಲಾ ನನ್ನೆದುರು ಅವಳ ಹೆಸರೆತ್ತುವುದನ್ನೇ ನಿಲ್ಲಿಸಿದ್ದರು. ಅವನೊಬ್ಬನೇ ವಾರವಾರ ಕೇಳುತ್ತಿದ್ದ, ನಾನು ಇಲ್ಲ ಕಣೋ ಅನ್ನುತ್ತಿದ್ದೆ. ಅದರಿಂದ ನೋವೂ ಆಗುತ್ತಿರಲಿಲ್ಲ, ಹಿತವೂ ಆಗುತ್ತಿರಲಿಲ್ಲ.

ಇನ್ನು ಸಮಾಧಾನದ ವಿಷಯ ಹೇಳಬೇಕು. ತಿಂಗಳ ಮೊದಲ ಭಾನುವಾರ ಪ್ರಭುಭೋಜನ, ಅಂದರೆ ರೊಟ್ಟಿ, ದ್ರಾಕ್ಷಾರಸ ಹಂಚುವ ಆರಾಧನೆ. ಅದಕ್ಕೆ ಮುಂಚೆ ಅಯ್ಯನವರು ಮೇಜಿನ ಬಳಿಯಿಂದ ಇಳಿದು ಬಂದು ಮೊದಲ ಬೆಂಚಿನವರ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು, ದೇವರ ಸಮಾಧಾನ ನಿಮಗಿರಲಿ ಅನ್ನುತ್ತಾರೆ. ತೆಗೆದುಕೊಂಡವರು ಹಾಗೆಯೇ ಎರಡೂ ಕೈಯಲ್ಲಿ ಪಕ್ಕದವರಿಗೆ, ಹಿಂದಿನವರಿಗೆ ಕೊಡಬೇಕು. ಕೈಯಿಂದ ಕೈಗೆ ದಾಟುತ್ತಾ ಅದು ಕೊನೆಯ ಬೆಂಚಿನವರೆಗೆ ಬರುತ್ತದೆ. ನಮ್ಮಜ್ಜನ ಕಾಲದಿಂದಲೂ ಹಾಗೇ.

ಆನಂದರಾಜ ಮೇಷ್ಟ್ರು ಮೊದಲು ಮುಂದಿನ ಸಾಲಿನಲ್ಲಿ ಕೂರುತ್ತಿದ್ದವರು, ಜೂನ್ ಆದ ಮೇಲೆ ನಮ್ಮ ಮುಂದಿನ ಬೆಂಚಿಗೆ ಬಂದಿದ್ದರು, ಒಬ್ಬರೇ. ನಾನು ಜಯರಾಜನನ್ನು ಕಾಯುತ್ತಿದ್ದರೆ ಅವರು ನಮ್ಮಿಬ್ಬರನ್ನೂ ಕಾಯುತ್ತಿದ್ದರು. ಜುಲೈನ ಮೊದಲ ಭಾನುವಾರ ಸಮಾಧಾನ ಅವರ ಕೈಗೆ ಬಂತು. ಅವರು ಹಿಂದೆ ತಿರುಗಲಿಲ್ಲ. ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಹಾಗೆ ಮಾಡಬೇಕೆಂದು ಯಾರೂ ತೀರ್ಮಾನಿಸಿರಲಿಲ್ಲ, ಬೇಡ ಎಂದೂ ಯಾರೂ ಹೇಳಲಿಲ್ಲ. ಜಯರಾಜ ಬೊಗಸೆ ಒಡ್ಡಿಕೊಂಡು ಕಾದ. ಪ್ರಾರ್ಥನೆ ಶುರುವಾದ ಮೇಲೂ ಸ್ವಲ್ಪ ಹೊತ್ತು ಹಾಗೇ ಇದ್ದ.

"ಗಾಡಿ ಬರ್ಲಿಲ್ವಾ ಮಾಮ?" ಎಂದು ಪಿಸುಗುಟ್ಟಿದ.

ಲೇಟು ಕಣೋ ಅಂದೆ. ಆಗಸ್ಟ್‌ನಲ್ಲೂ ಹಾಗೇ ಆಯಿತು, ಸೆಪ್ಟೆಂಬರ್‌ನಲ್ಲೂ ಹಾಗೇ ಆಯಿತು. ನಾನೇ ಅವನ ಕೈ ಹಿಡಿದು ಕೊಟ್ಟುಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನು ರೈಲ್ವೆಯವನು. ಹುಡುಗನಾಗಿದ್ದಾಗ ಅಜ್ಜಂಪುರದ ಕಡೆ ಒಂಟಿ ಹಳಿಯ ಸ್ಟೇಷನ್ನಿನಲ್ಲಿ ಪೋರ್ಟರ್ ಆಗಿದ್ದೆ. ಡ್ರೈವರ್ ಕೈಗೆ ಟೋಕನ್ ಕೊಟ್ಟರೆ ಮಾತ್ರ ಗಾಡಿ ಮುಂದೆ ಹೋಗುವ ಕಾಲ. ನನ್ನ ಕೈಗೇ ಬಾರದ ಟೋಕನ್ನನ್ನು ಇನ್ನೊಬ್ಬರಿಗೆ ಕೊಡುವುದು ಹೇಗೆ ಎಂಬ ಮಾತು ನನ್ನ ತಲೆಯಲ್ಲಿ ಕೂತಿತ್ತು. ಅದೂ ಅಲ್ಲದೆ, ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.

ಸೆಪ್ಟೆಂಬರ್‌ ಹೊತ್ತಿಗೆ ಆಶಾಳ ಪ್ಲಾಸ್ಟರ್ ಬಿಚ್ಚಿದ್ದರು. ಒಂಚೂರು ಕುಂಟುತ್ತಾ ಮಕ್ಕಳ ಚಾಪೆಗೆ ವಾಪಸು ಬಂದಳು. ಅವಳು ಕುಂಟುವುದನ್ನು ಕಂಡ ಮೇಷ್ಟ್ರು ಆರಾಧನೆ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. "ಸತ್ಯಣ್ಣ, ನಿಮ್ಮ ಮುಖ ನೋಡಿ ಸುಮ್ನಿದೀನಿ. ಇನ್ನೊಂದು ಸಲ ಅವನು ಆ ಬೆಂಚು ಬಿಟ್ಟು ಎದ್ದು ಬಂದ್ರೆ, ಅವತ್ತಿಗೆ ಮುಗೀತು" ಎಂದರು. ಆಯ್ತು ಮೇಷ್ಟ್ರೇ ಅಂದೆ.

ಸುಗುಣಮ್ಮನಿಗೆ ಈ ಮಾತು ಹೇಗೋ ತಲುಪಿತು. ಹೊಂಗೆ ಮರದಡಿ ನನ್ನ ಹತ್ತಿರ ಬಂದು ನಿಂತಳು. "ಅಣ್ಣಾ, ಸಮಾಧಾನ ಕೊಡ್ದಿದ್ರೂ ಹೋಗ್ಲಿ. ಬರೋದೊಂದು ತಪ್ಪಿಸ್ಬ್ಯಾಡ್ರಿ. ವಾರವೆಲ್ಲಾ ಅವ್ನು ಮಾತ್ರೆ ನುಂಗೋದೇ ಭಾನುವಾರ ಇಲ್ಲಿಗೆ ಬರ್ಬೇಕು ಅಂತ. ಇದೂ ಇಲ್ಲ ಅಂದ್ರೆ ನಾನು ಏನು ಹೇಳಿ ನುಂಗಿಸ್ಲಿ?" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಅಳಲು ಬರುವವರನ್ನು ಕಂಡರೆ ನನಗೆ ಆಗ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಅಕ್ಟೋಬರ್‌ನಲ್ಲಿ ಹಿಂಗಾರು ಜೋರಾಗಿ ಹಿಡಿಯಿತು. ಮೊದಲ ಭಾನುವಾರ ಬೆಳಿಗ್ಗೆಯಿಂದಲೇ ಮಳೆ. ಚರ್ಚಿನ ತಗಡಿನ ಮೇಲೆ ಎಷ್ಟು ಸದ್ದೆಂದರೆ ಅಯ್ಯನವರ ಮಾತು ಹಿಂದಿನವರೆಗೆ ಬರುತ್ತಿರಲಿಲ್ಲ. ಆ ಸದ್ದಿಗೆ ಇವನೇನು ಮಾಡುತ್ತಾನೋ ಎಂದು ನಾನು ಗುಂಡಿಯನ್ನೇ ನೋಡುತ್ತಿದ್ದೆ. ಮಳೆಯ ಸದ್ದು ಅವನಿಗೆ ತೊಂದರೆ ಕೊಡಲಿಲ್ಲ. ಸಮಾಧಾನ ಮೊದಲ ಬೆಂಚಿನಿಂದ ಹೊರಟಿತು. ಒಂದೊಂದೇ ಬೆಂಚು ದಾಟಿ ಮೇಷ್ಟ್ರ ಕೈಗೆ ಬಂತು, ಅಲ್ಲೇ ನಿಂತಿತು. ಜಯರಾಜ ಬೊಗಸೆ ಇಳಿಸಿ ನನ್ನ ಕಡೆ ತಿರುಗಿದ.

"ಬರ್ಲಿಲ್ವಾ ಮಾಮ?"

"ಇಲ್ಲ ಕಣೋ."

"ಹಂಗಾರೆ ನಾನೇ ಹೋಗಿ ತತ್ತೀನಿ" ಎಂದು ಎದ್ದು ನಿಂತ.

ಅವನ ಮೊಣಕೈ ಹಿಡಿಯಲು ನನ್ನ ಕೈ ಹೋಯಿತು. ಆದರೆ ಅಂಗಿಯ ಗುಂಡಿ ಹಾಕಿದ್ದು ಹಾಕಿದ ಹಾಗೇ ಇತ್ತು. ಬೆರಳು ಅಲುಗುತ್ತಿರಲಿಲ್ಲ. ಹಿಡಿದರೆ ಕೂರುತ್ತಿದ್ದ, ಅದು ನನಗೆ ಗೊತ್ತಿತ್ತು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಅವನು ನನ್ನನ್ನು ದಾಟಿಕೊಂಡು ಮಧ್ಯದ ದಾರಿಗಿಳಿದು ಮುಂದಕ್ಕೆ ನಡೆದ.

ಒಂದೊಂದು ಬೆಂಚಿನವರೂ ಅವನು ಹತ್ತಿರ ಬಂದಾಗ ಉಸಿರು ಹಿಡಿದದ್ದು ಹಿಂದೆ ಕೂತ ನನಗೆ ಅವರ ಬೆನ್ನಿನಲ್ಲೇ ಗೊತ್ತಾಗುತ್ತಿತ್ತು. ಮುಂದೆ ಚಾಪೆಯ ಮೇಲಿದ್ದ ಮಕ್ಕಳು ಎದ್ದರು. ಆಶಾ ಗೋಡೆಯ ಪಕ್ಕದಿಂದ ಕುಂಟುತ್ತಾ ಓಡಿಬಂದು ಅಜ್ಜನ ಕಾಲು ತಬ್ಬಿಕೊಂಡಳು. ಮೇಷ್ಟ್ರು ಎದ್ದು ನಿಂತಿದ್ದರು, ಇನ್ನೂ ಇಬ್ಬರು ಗಂಡಸರು ದಾರಿಗೆ ಕಾಲಿಟ್ಟಿದ್ದರು. ಹೆಂಗಸರ ಕಡೆ ಸುಗುಣಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು.

"ಬಿಡಿ, ನಾನೇ ಕಳ್ಸಿದ್ದು" ಅಂದೆ. ಆ ಮಳೆಯ ಸದ್ದಿನಲ್ಲೂ ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಿತು. ಗಂಡಸರು ನಿಂತರು.

ಅಯ್ಯನವರು ಹಿಂದೆ ಸರಿಯಲಿಲ್ಲ. ಎರಡು ಹೆಜ್ಜೆ ಪಕ್ಕಕ್ಕೆ ಬಂದು ಜಯರಾಜನಿಗೂ ಚಾಪೆಗೂ ಮಧ್ಯೆ ನಿಂತರು. ಅಲ್ಲಿ ನಿಂತು ಎರಡೂ ಕೈ ಚಾಚಿದರು. ಜಯರಾಜ ಬೊಗಸೆ ಒಡ್ಡಿದ. ಅವರು ಹಿಡಿದು ಏನೋ ಹೇಳಿದರು, ನನಗೆ ಕೇಳಿಸಲಿಲ್ಲ. ಅವನು ಕೈಗಳನ್ನು ಮುಚ್ಚಿಕೊಂಡು, ಒಳಗೇನೋ ಇದೆ, ಚೆಲ್ಲಬಾರದು ಎನ್ನುವ ಹಾಗೆ ಎದೆಗಿಟ್ಟುಕೊಂಡು, ಬಂದ ದಾರಿಯಲ್ಲೇ ನಿಧಾನವಾಗಿ ವಾಪಸು ಬಂದ.

ಬೆಂಚಿಗೆ ಬಂದವನು ಕೂರಲಿಲ್ಲ. ನನ್ನ ಕೈ ಹಿಡಿದ. ಅವನ ಅಂಗೈ ಬೆಚ್ಚಗೆ, ಒರಟಾಗಿತ್ತು. "ದೇವ್ರ ಸಮಾಧಾನ ಮಾಮ" ಅಂದ. ನಾನು ತೆಗೆದುಕೊಂಡೆ. ಅವನು ಕೈ ಬಿಡಲಿಲ್ಲ.

"ಇನ್ನೊಂದ್ಸಲ ಹಿಡ್ಕಳ್ರಿ" ಅಂದ. "ಇದು ಅತ್ತೇದು."

ಜೋಮು ಹಿಡಿದ ಕಾಲು ಬಿಡುವಾಗ ಎಂಥ ನೋವಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ನನಗೆ ಅಲ್ಲೇ, ಆಗಲೇ, ಹಾಗಾಯಿತು. ರೂತಮ್ಮ ಗೋಡೆಗೆ ಒರಗಿ ಕೂತದ್ದು ಕಂಡಿತು, ಒಲೆಯ ಮೇಲೆ ಹಾಲು ಉಕ್ಕಿ ಹರಿದದ್ದು ಕಂಡಿತು. ಏಪ್ರಿಲ್‌ನಲ್ಲಿ ಬಾರದ ಅಳು ಅಕ್ಟೋಬರ್‌ನಲ್ಲಿ ಎಲ್ಲರೆದುರು ಬಂತು. ತಡೆದುಕೊಳ್ಳಲು ಆಗಲಿಲ್ಲ, ತಡೆದುಕೊಳ್ಳಬೇಕು ಅಂತಲೂ ಅನಿಸಲಿಲ್ಲ.

ಈಗ ಅದು ನನ್ನ ಕೈಗೆ ಬಂದಿತ್ತು. ಬಂದಿದ್ದನ್ನು ದಾಟಿಸಬೇಕು. ನನ್ನ ಹಿಂದೆ ಗೋಡೆ. ಮುಂದೆ ಮೇಷ್ಟ್ರು, ಇನ್ನೂ ನಿಂತೇ ಇದ್ದರು, ನಮ್ಮ ಕಡೆಗೆ ಬೆನ್ನು. ನಾನು ಅವರ ಭುಜ ಮುಟ್ಟಿದೆ.

ಅವರು ತಿರುಗಿದರು. ನನ್ನ ಒದ್ದೆ ಮುಖ ನೋಡಿದರು, ಆಮೇಲೆ ಜಯರಾಜನನ್ನು ನೋಡಿದರು, ಆಮೇಲೆ ಕೆಳಗೆ ತಮ್ಮ ಕಾಲು ತಬ್ಬಿಕೊಂಡಿದ್ದ ಮಗುವನ್ನು ನೋಡಿದರು. ಕೊನೆಗೆ ಬಲಗೈ ಮುಂದೆ ಬಂತು. ಎಡಗೈ ಆಶಾಳ ಹೆಗಲ ಮೇಲೇ ಇತ್ತು, ಅದನ್ನು ಅವರು ತೆಗೆಯಲಿಲ್ಲ.

ಪದ್ಧತಿಯ ಪ್ರಕಾರ ಎರಡೂ ಕೈ ಚಾಚಬೇಕು. ನಾನು ಆ ಒಂದೇ ಕೈಗೆ ಕೊಟ್ಟೆ.